ಜಾಹೀರಾತು ಮತ್ತು ಒದ್ದೆ ಧಾನ್ಯದ ರಾಶಿ

(ಶಿಕಾರಿಪುರದಲ್ಲಿ ಜುಮಾ ಖುತ್ಬಾಕ್ಕೆ ಮುನ್ನ ಕನ್ನಡದಲ್ಲಿ ಮಾಡಿದ ಪ್ರವಚನದ ಸಂಗ್ರಹ. ಮರುವಾರ ಸೊರಬದಲ್ಲಿ ಇದೇ ವಿಷಯ ಮಾತಾಡಿದಾಗ ಜಮಾಅತಿನವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದೆ.)

 



ಈ ವಾರ ಟಿ.ವಿ.ಯಲ್ಲಿ ಬರುವ ಜಾಹೀರಾತುಗಳ ಬಗ್ಗೆ ಮಾತಾಡುತ್ತೇನೆ ಎಂದಾಗ ಕಮಿಟಿಯ ಒಬ್ಬ ಹಿರಿಯರು, "ಹಝ್ರತ್, ಟಿ.ವಿ. ನೋಡಬೇಡಿ ಅಂತ ಒಂದು ಮಾತು ಹೇಳಿಬಿಟ್ಟರೆ ಮುಗೀತಲ್ಲ, ಅದರ ಜಾಹೀರಾತಿನ ಉಸಾಬರಿ ನಮಗೆ ಯಾಕೆ?" ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಟಿ.ವಿ. ಇಲ್ಲದ ಮನೆಗೂ ಜಾಹೀರಾತು ಬರುತ್ತಿದೆ. ಕ್ಷೌರದ ಅಂಗಡಿಯಲ್ಲಿ ಕೂತರೆ ಬರುತ್ತದೆ, ಚಹಾ ಹೋಟೆಲಿನಲ್ಲಿ ಬರುತ್ತದೆ, ಮಗುವಿನ ಕೈಯಲ್ಲಿರುವ ಮೊಬೈಲಿನಲ್ಲಿ ಬರುತ್ತದೆ. ಶಿಕಾರಿಪುರದಿಂದ ಶಿರಾಳಕೊಪ್ಪ ಹಾದು ಸೊರಬಕ್ಕೆ ಹೋಗುವ ಬಸ್ಸಿನ ಬೆನ್ನ ಮೇಲೂ ಅಂಟಿಕೊಂಡಿರುತ್ತದೆ. ನಮ್ಮ ಮನೆಯಲ್ಲಿಯೂ ಟಿ.ವಿ. ಇದೆ. ಇಶಾ ನಮಾಝ್ ಮುಗಿಸಿ ಹೋಗಿ ವಾರ್ತೆ ನೋಡುತ್ತೇನೆ, ಪಂದ್ಯವಿದ್ದರೆ ಮಕ್ಕಳ ಜೊತೆ ಕ್ರಿಕೆಟ್ಟನ್ನೂ ನೋಡುತ್ತೇನೆ. ಆದ್ದರಿಂದ ಇದು ನೋಡದವನ ಫತ್ವಾ ಅಲ್ಲ, ನೋಡುವವನ ಅಭಿಪ್ರಾಯ.

ಮೊದಲು ಸಣ್ಣ ದೂರು ಒಂದನ್ನು ಮುಗಿಸಿಬಿಡುತ್ತೇನೆ. ಹಿಂದಿಯಲ್ಲಿ ಮಾಡಿದ ಜಾಹೀರಾತಿಗೆ ಕನ್ನಡದ ಧ್ವನಿ ಅಂಟಿಸಿ ಬಿಡುತ್ತಾರಲ್ಲ, ಆ ಕನ್ನಡವನ್ನು ಯಾವ ಊರಿನವರು ಮಾತಾಡುತ್ತಾರೋ ನನಗಂತೂ ಗೊತ್ತಾಗಿಲ್ಲ. ತುಟಿ ಒಂದು ಕಡೆ, ಮಾತು ಒಂದು ಕಡೆ. ನಮ್ಮ ಜೇಬಿನ ಹಣ ಬೇಕು, ನಮ್ಮ ಭಾಷೆ ಕಲಿಯುವಷ್ಟು ಪುರುಸೊತ್ತು ಮಾತ್ರ ಬೇಡ. ಇನ್ನು ಇವುಗಳ ಉದ್ದ. ಕೇಬಲ್ ಟಿ.ವಿ.ಯ 1994ರ ನಿಯಮಗಳ ಪ್ರಕಾರ ಒಂದು ಗಂಟೆಯ ಕಾರ್ಯಕ್ರಮದಲ್ಲಿ ಜಾಹೀರಾತು 12 ನಿಮಿಷ ಮೀರಬಾರದು. ಈ ಸಂಜೆ ವಾಚ್ ಇಟ್ಟುಕೊಂಡು ಕೂತು ನೋಡಿ.

ಸಹೋದರರೇ, ಜಾಹೀರಾತು ಎಂದರೆ ಹೊಸ ವಿದ್ಯೆ ಎಂದುಕೊಳ್ಳಬೇಡಿ. ಪವಿತ್ರ ಕುರ್‌ಆನಿನ ಸೂರಃ ಅಅ್‌ರಾಫ್ ಮತ್ತು ಸೂರಃ ತಾಹಾದಲ್ಲಿ ಆದಮ್(ಅ) ಮತ್ತು ಹವ್ವಾರ ಪ್ರಸಂಗ ಬರುತ್ತದೆ. ಇಬ್ಲೀಸನು ಅವರ ಬಳಿ ಹೋಗಿ ಏನು ಮಾಡಿದ? ಕೈ ಹಿಡಿದು ಎಳೆದನೇ? ಇಲ್ಲ. ಮರದ ಗುಣಗಾನ ಮಾಡಿದ. ಅದರ ಹಣ್ಣು ತಿಂದರೆ ಮಲಕ್‌ಗಳಂತೆ ಆಗುತ್ತೀರಿ, ಸಾವೇ ಇರುವುದಿಲ್ಲ, ಎಂದೂ ಅಳಿಯದ ಒಡೆತನ ಸಿಗುತ್ತದೆ ಎಂದ. ಮೇಲೆ ಒಂದು ಆಣೆಯನ್ನೂ ಹಾಕಿದ, ನಾನು ನಿಮ್ಮ ಹಿತೈಷಿ ಎಂದು. ಇವತ್ತು ಬಿಳಿ ಕೋಟು ತೊಟ್ಟ ನಟನೊಬ್ಬ ಟೂತ್‌ಪೇಸ್ಟ್ ಹಿಡಿದುಕೊಂಡು ವೈದ್ಯರ ಹಾಗೆ ನಿಂತು ಮಾತಾಡುವಾಗ ನನಗೆ ಆ ಆಣೆಯ ನೆನಪಾಗುತ್ತದೆ. ಹೇಳಿದ್ದೆಲ್ಲ ಲಾಭದ ಮಾತು, ಮುಚ್ಚಿಟ್ಟಿದ್ದು ನಷ್ಟದ ಮಾತು. ಇಷ್ಟು ವರ್ಷವಾದರೂ ತಂತ್ರ ಬದಲಾಗಿಲ್ಲ.

ಹಾಗಾದರೆ ಇಸ್ಲಾಮ್ ಸರಕನ್ನು ಹೊಗಳುವುದನ್ನೇ ತಡೆಯುತ್ತದೆಯೇ? ಇಲ್ಲ. ನಮ್ಮ ಪ್ರವಾದಿ(ಸ)ರೇ ವ್ಯಾಪಾರ ಮಾಡಿದವರು. ಇಮಾಮ್ ಅಬೂ ಹನೀಫಾ(ರ) ಬಟ್ಟೆಯ ವ್ಯಾಪಾರಿ. ಮಾರುವವನು ತನ್ನಲ್ಲಿ ಏನಿದೆ ಎಂದು ಕೂಗಿ ಹೇಳಬಹುದು. ಸಂತೆಯಲ್ಲಿ ಟೊಮೆಟೊ ಮಾರುವವನು ಕೂಗದೆ ಮಾರುವುದು ಹೇಗೆ? ತಕರಾರು ಇರುವುದು ಬೇರೆ ಕಡೆ. ಮದೀನಾದ ಮಾರುಕಟ್ಟೆಯ ಆ ಪ್ರಸಂಗ ನಿಮಗೆಲ್ಲ ಗೊತ್ತು. ಪ್ರವಾದಿ(ಸ)ರು ಧಾನ್ಯದ ರಾಶಿಯೊಂದರ ಬಳಿ ನಿಂತು ಒಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ರಾಶಿ, ಒಳಗೆ ಒದ್ದೆ. ಇದೇನು ಎಂದು ಕೇಳಿದರು. ಮಳೆ ಬಿದ್ದು ನೆನೆಯಿತು ಎಂದ ವ್ಯಾಪಾರಿ. ಜನ ನೋಡುವ ಹಾಗೆ ಒದ್ದೆಯಾದುದನ್ನು ಮೇಲಕ್ಕೆ ಏಕೆ ಹಾಕಲಿಲ್ಲ ಎಂದು ಕೇಳಿ, ವಂಚಿಸುವವನಿಗೂ ತಮಗೂ ಸಂಬಂಧವಿಲ್ಲ ಎಂದುಬಿಟ್ಟರು. ಇದು ಸಹೀಹ್ ಮುಸ್ಲಿಮಿನ ಹದೀಸ್. ಇಲ್ಲಿ ಗಮನಿಸಿ, ಆ ವ್ಯಾಪಾರಿ ಬಾಯಿಬಿಟ್ಟು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಧಾನ್ಯ ನೆನೆದದ್ದೂ ಅವನ ತಪ್ಪಲ್ಲ, ಮಳೆಯದು. ರಾಶಿ ಹಾಕಿದ ರೀತಿಯೇ ಅವನ ಸುಳ್ಳು. ಒಣಗಿದ್ದು ಮೇಲೆ, ಒದ್ದೆ ಕೆಳಗೆ.

ಈಗ ಟಿ.ವಿ. ನೋಡಿ. ದೊಡ್ಡ ಅಕ್ಷರದಲ್ಲಿ ದರ, ಅದರ ಪಕ್ಕ ಒಂದು ಪುಟ್ಟ ನಕ್ಷತ್ರದ ಗುರುತು. ಆ ನಕ್ಷತ್ರದ ವಿವರಣೆ ಪರದೆಯ ಕೆಳಗೆ ಇರುವೆ ಸಾಲಿನಂತೆ ಬಂದು ಎರಡು ಸೆಕೆಂಡಿನಲ್ಲಿ ಮಾಯ. ಕೆಲವು ಜಾಹೀರಾತಿನ ಕೊನೆಯಲ್ಲಿ ಎಚ್ಚರಿಕೆಯ ಮಾತನ್ನು ಒಬ್ಬ ಉಸಿರು ಬಿಡದೆ ಓದುತ್ತಾನೆ, ನಾಯಿ ಅಟ್ಟಿಸಿಕೊಂಡು ಬಂದವನ ಹಾಗೆ. ಗೆಲುವಿನ ಮಾತು ನಿಧಾನ, ನಷ್ಟದ ಮಾತು ಓಟ. ಕಾನೂನಿಗೆ ಬೇಕಾದದ್ದನ್ನು ಹೇಳಿದ್ದಾರೆ, ನಿಮಗೆ ಕೇಳದ ಹಾಗೆ ಹೇಳಿದ್ದಾರೆ. ಒದ್ದೆ ಧಾನ್ಯ ಅಲ್ಲೇ ಇದೆ, ಅಡಿಯಲ್ಲಿ.

ಇನ್ನು ನಮ್ಮ ತಾಲೂಕಿನ ಜೀವಕ್ಕೆ ಹತ್ತಿರದ ವಿಷಯ. ಅಡಿಕೆ. ಇಲ್ಲಿ ಕೂತಿರುವವರಲ್ಲಿ ತೋಟ ಇರುವವರಿದ್ದೀರಿ, ಖೇಣಿ ಹಿಡಿಯುವವರಿದ್ದೀರಿ, ಸುಲಿಯುವ ಕೆಲಸಕ್ಕೆ ಮನೆಮಂದಿಯೆಲ್ಲ ಹೋಗುವವರಿದ್ದೀರಿ, ಲಾರಿ ಓಡಿಸುವವರಿದ್ದೀರಿ. ರಾಶಿ ಇಡಿಗೆ ಇವತ್ತು ಎಷ್ಟು, ಬೆಟ್ಟೆಗೆ ಎಷ್ಟು, ಗೊರಬಲಿಗೆ ಎಷ್ಟು ಎಂದು ನನಗಿಂತ ನಿಮ್ಮ ಮಕ್ಕಳಿಗೆ ಚೆನ್ನಾಗಿ ಗೊತ್ತು. ನಮ್ಮ ಕೆಂಪಡಿಕೆಯ ಬಹುಪಾಲು ಉತ್ತರ ಭಾರತಕ್ಕೆ ಹೋಗುತ್ತದೆ, ಅಲ್ಲಿ ಪಾನ್ ಮಸಾಲಾ ಆಗುತ್ತದೆ. ಆಮೇಲೆ ಅದು ನಮ್ಮ ಊರಿನ ಗೂಡಂಗಡಿಗೆ ಪುಟ್ಟ ಪೊಟ್ಟಣವಾಗಿ ಸರಮಾಲೆಯಲ್ಲಿ ನೇತಾಡಿಕೊಂಡು ವಾಪಸ್ ಬರುತ್ತದೆ.

ಅದರ ಜಾಹೀರಾತನ್ನು ನೋಡಿದ್ದೀರಾ? ತಂಬಾಕಿನ ಜಾಹೀರಾತನ್ನು 2003ರ ಕಾಯ್ದೆ ತಡೆದಿದೆ. ಕರ್ನಾಟಕದಲ್ಲಿ ಗುಟ್ಕಾ 2013ರಲ್ಲೇ ನಿಷೇಧವಾಗಿದೆ. ಹಾಗಾಗಿ ಟಿ.ವಿ.ಯಲ್ಲಿ ತೋರಿಸುವುದು ಏಲಕ್ಕಿ. ಹಿಂದಿ ಸಿನೆಮಾದ ಮೂವರು ದೊಡ್ಡ ನಟರಾದ ಅಜಯ್ ದೇವಗನ್, ಶಾರುಖ್ ಖಾನ್, ಅಕ್ಷಯ್ ಕುಮಾರ್ 2022ರಲ್ಲಿ ಒಂದೇ ಜಾಹೀರಾತಿನಲ್ಲಿ ಸೇರಿ ಏಲಕ್ಕಿ ಪೊಟ್ಟಣ ತೋರಿಸಿದರು. ಅಲ್ಲಾಹನ ಮೇಲೆ ಭಯವಿಟ್ಟು ಹೇಳಿ, ಮಲೆನಾಡಿನವರಾದ ನಮಗೆ ಏಲಕ್ಕಿ ಗೊತ್ತಿಲ್ಲವೇ? ಪಾಯಸಕ್ಕೆ ನಾಲ್ಕು ಏಲಕ್ಕಿ ಹಾಕಲು ಮೂವರು ಸೂಪರ್‌ಸ್ಟಾರ್‌ಗಳು ಬೇಕೆ? ಜಾಹೀರಾತು ಏಲಕ್ಕಿಯದು, ಹೆಸರು ಮಾತ್ರ ಪಾನ್ ಮಸಾಲಾದ್ದು. ಅಂಗಡಿಯಲ್ಲಿ ಆ ಹೆಸರು ಕೇಳಿದರೆ ನಿಮ್ಮ ಕೈಗೆ ಏಲಕ್ಕಿ ಬರುವುದಿಲ್ಲ. ಎರಡು ಪೊಟ್ಟಣ ಬರುತ್ತವೆ, ಒಂದರಲ್ಲಿ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಬಾಯಲ್ಲಿ ಸೇರಿದ ಮೇಲೆ ಗುಟ್ಕಾ. ಕಾನೂನೂ ಉಳಿಯಿತು, ವ್ಯಾಪಾರವೂ ಉಳಿಯಿತು. ಸೋಡಾ, ಮ್ಯೂಸಿಕ್ ಸಿ.ಡಿ. ಹೆಸರಿನಲ್ಲಿ ಮದ್ಯದ ಕಂಪನಿಗಳು ಮಾಡುವುದೂ ಇದೇ. 2022ರ ಜೂನ್ 9ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿ ಇಂಥ ಬದಲಿ ಜಾಹೀರಾತುಗಳನ್ನು ನಿಷೇಧಿಸಿದೆ. ಆದರೂ ನಿಮ್ಮ ಕಣ್ಣಿಗೆ ಏನು ಬೀಳುತ್ತಿದೆ ಎಂದು ನೀವೇ ಬಲ್ಲಿರಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಮೂವರಲ್ಲಿ ಅಕ್ಷಯ್ ಕುಮಾರ್ 2022ರ ಏಪ್ರಿಲ್‌ನಲ್ಲಿ ಅಭಿಮಾನಿಗಳ ಕ್ಷಮೆ ಕೇಳಿ ಹಿಂದೆ ಸರಿದರು, ಬಂದ ಹಣವನ್ನು ಒಳ್ಳೆಯ ಕೆಲಸಕ್ಕೆ ಕೊಡುವುದಾಗಿ ಹೇಳಿದರು. ಅದಕ್ಕೂ ಮುಂಚೆ 2021ರ ಅಕ್ಟೋಬರ್‌ನಲ್ಲಿ ಅಮಿತಾಭ್ ಬಚ್ಚನ್ ಇನ್ನೊಂದು ಪಾನ್ ಮಸಾಲಾ ಕಂಪನಿಯ ಜಾಹೀರಾತಿನಿಂದ ಹೊರಬಂದು ಹಣ ಹಿಂದಿರುಗಿಸಿದರು. ಅವರು ನಮ್ಮ ಧರ್ಮದವರಲ್ಲ, ನಟರು, ಕೋಟಿಗಳ ಲೆಕ್ಕದವರು. ಆದರೂ ಸರಿಯಲ್ಲ ಅನಿಸಿದಾಗ ಬಿಟ್ಟರು. ನಮ್ಮ ಗೂಡಂಗಡಿಯ ತಮ್ಮಂದಿರು ಜುಮಾಕ್ಕೆ ಮುಂದಿನ ಸಾಲಿನಲ್ಲಿ ಕೂತು, ಸಲಾಮ್ ಹೇಳಿ ಹೊರಗೆ ಹೋಗಿ ಹೈಸ್ಕೂಲಿನ ಹುಡುಗನಿಗೆ ಆ ಜೋಡಿ ಪೊಟ್ಟಣ ಹರಿದುಕೊಡುತ್ತಾರೆ. ಇದನ್ನು ನಾನು ಮಿಂಬರಿನ ಪಕ್ಕ ನಿಂತು ಹೇಳುತ್ತಿದ್ದೇನೆ. ಬೇಸರವಾದರೆ ಆಗಲಿ.

ಬೆಳೆಗಾರರಿಗೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಬೆಳೆಗಾರರ ಸಂಘಟನೆಗಳು ಅದನ್ನು ಒಪ್ಪುವುದಿಲ್ಲ, ಶತಮಾನಗಳಿಂದ ತಾಂಬೂಲ ಮೆದ್ದಿದ್ದೇವೆ ಎನ್ನುತ್ತಾರೆ. ಆ ಚರ್ಚೆ ವಿಜ್ಞಾನಿಗಳು ಮುಗಿಸಲಿ. ಆದರೆ ತಂಬಾಕು ಬೆರೆತ ಗುಟ್ಕಾದ ಬಗ್ಗೆ ಯಾರಲ್ಲೂ ಚರ್ಚೆ ಉಳಿದಿಲ್ಲ. ಹೋದ ರಮಝಾನಿನಲ್ಲಿ ಒಬ್ಬ ಲಾರಿ ಚಾಲಕನ ಮನೆಗೆ ಇಫ್ತಾರಿಗೆ ಹೋಗಿದ್ದೆ. ವಯಸ್ಸು ಮೂವತ್ತನಾಲ್ಕು. ಹನ್ನೆರಡು ವರ್ಷ ಪೊಟ್ಟಣ ಹಾಕಿದ್ದಾನೆ. ಈಗ ಬಾಯಿ ಎರಡು ಬೆರಳು ಹೋಗುವಷ್ಟೂ ತೆರೆಯುವುದಿಲ್ಲ. ಅಝಾನ್ ಆಯಿತು, ಎಲ್ಲರೂ ಖರ್ಜೂರ ಬಾಯಿಗೆ ಹಾಕಿಕೊಂಡೆವು. ಅವನ ಹೆಂಡತಿ ಖರ್ಜೂರವನ್ನು ಎಳೆ ಎಳೆಯಾಗಿ ಸಿಗಿದು ತಟ್ಟೆಯಲ್ಲಿ ಇಟ್ಟಿದ್ದಳು. ಅದನ್ನು ಒಂದೊಂದೇ ಎಳೆ ಒಳಗೆ ತುರುಕಿಕೊಂಡ. ಅವನ ಚಿಕ್ಕ ಮಗಳು, "ಅಬ್ಬಾ, ನಾನು ಸಿಗಿದುಕೊಡ್ತೀನಿ" ಎನ್ನುತ್ತ ಪಕ್ಕದಲ್ಲೇ ಕೂತಿದ್ದಳು. ಏಲಕ್ಕಿಯ ಜಾಹೀರಾತಿನಲ್ಲಿ ಈ ತಟ್ಟೆಯನ್ನು ಯಾರೂ ತೋರಿಸುವುದಿಲ್ಲ.

ಕ್ರಿಕೆಟ್ ಪಂದ್ಯದ ನಡುವೆ ಬರುತ್ತಿದ್ದ ಇನ್ನೊಂದು ಬಗೆಯ ಜಾಹೀರಾತು ನೆನಪಿರಬೇಕು. ಟೀಮ್ ಕಟ್ಟಿ, ಕೋಟಿ ಗೆಲ್ಲಿ ಎನ್ನುವವು. ದೇಶದ ತಂಡದ ಅಂಗಿಯ ಎದೆಯ ಮೇಲೆಯೇ ಅಂಥ ಕಂಪನಿಯ ಹೆಸರಿತ್ತು. ಕರ್ನಾಟಕ ಸರಕಾರ 2021ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕಾಯ್ದೆ ತಂದಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಕಾನೂನು ಮಾಡಿತು. ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ. ಅದರ ಜಾಹೀರಾತು ಮಾಡುವವರಿಗೂ ಎರಡು ವರ್ಷದವರೆಗೆ ಸೆರೆ, 50 ಲಕ್ಷದವರೆಗೆ ದಂಡ. ಕೆಲವೇ ದಿನದಲ್ಲಿ ತಂಡದ ಅಂಗಿಯ ಮೇಲಿನ ಆ ಹೆಸರೂ ಹೋಯಿತು. ಸೂರಃ ಮಾಇದದಲ್ಲಿ ಮದ್ಯ ಮತ್ತು ಜೂಜನ್ನು ಜೊತೆಯಲ್ಲಿಟ್ಟು ಅಲ್ಲಾಹನು ನಿಷೇಧಿಸಿದಾಗ, ಇದು ಅದೃಷ್ಟದ ಆಟವೋ ಕೌಶಲದ ಆಟವೋ ಎಂದು ವಕೀಲರು ವಾದಿಸುವಂತಿರಲಿಲ್ಲ. ನಮ್ಮ ಹುಡುಗರು ಮಾತ್ರ ವಾದಿಸಿದರು. "ಹಝ್ರತ್, ಇದರಲ್ಲಿ ತಲೆ ಓಡಿಸಬೇಕು, ಜೂಜಲ್ಲ" ಎಂದು ಒಬ್ಬ ನನಗೇ ಪಾಠ ಹೇಳಿದ. ಅವನ ತಂದೆ ಟೈಲರ್. ಹೊಲಿಗೆ ಯಂತ್ರ ಮಾರಿ ಮಗನ ಸಾಲ ತೀರಿಸಿದರು. ಟಿ.ವಿ.ಯಲ್ಲಿ ಆ ಜಾಹೀರಾತು ಈಗ ನಿಂತಿದೆ, ಆದರೆ ಟೆಲಿಗ್ರಾಂನಲ್ಲಿ, ವಾಟ್ಸಾಪಿನಲ್ಲಿ ಲಿಂಕ್ ಬರುವುದು ನಿಂತಿಲ್ಲ. ತಾಯಂದಿರೇ, ಇದು ಪತ್ರಿಕೆಯಲ್ಲಿ ಅಚ್ಚಾದರೆ ನೀವು ಓದುತ್ತೀರಿ ಎಂದು ಹೇಳುತ್ತಿದ್ದೇನೆ. ಮಗ ರಾತ್ರಿ ಎರಡು ಗಂಟೆಗೆ ಎದ್ದು ಕೂತಿದ್ದರೆ ಅದು ತಹಜ್ಜುದ್ ಎಂದುಕೊಳ್ಳುವ ಮೊದಲು ಕೈಯಲ್ಲಿ ಏನಿದೆ ನೋಡಿ.

ಇನ್ನು ಹೆಣ್ಣುಮಕ್ಕಳ ಬಣ್ಣ. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ ಎಂಬ ಕ್ರೀಮು 45 ವರ್ಷ ಒಂದೇ ಕಥೆ ಹೇಳಿತು. ಕಪ್ಪಿದ್ದರೆ ಕೆಲಸವಿಲ್ಲ, ಗಂಡಿಲ್ಲ. ಬೆಳ್ಳಗಾದರೆ ಎಲ್ಲವೂ ಇದೆ. 2020ರಲ್ಲಿ ಕಂಪನಿ ಹೆಸರಿನಿಂದ ಆ ಫೇರ್ ಪದವನ್ನು ತೆಗೆದು ಗ್ಲೋ ಎಂದಿಟ್ಟಿತು. ಜಗತ್ತಿನಲ್ಲಿ ಗದ್ದಲವಾಯಿತು, ನಾಚಿಕೆಯಾಯಿತು, ಬದಲಾಯಿಸಿದರು. ನಾವು ಬದಲಾದೆವೇ? ನಿಕಾಹ್ ಮಾತುಕತೆಗೆ ನನ್ನನ್ನೂ ಕರೆಯುತ್ತೀರಿ. ಹುಡುಗಿ ಕುರ್‌ಆನ್ ಓದಿದ್ದಾಳೆ, ಪಿ.ಯು.ಸಿ. ಪಾಸಾಗಿದ್ದಾಳೆ, ಮನೆಗೆಲಸ ಗೊತ್ತು. ಎಲ್ಲ ಕೇಳಿದ ಮೇಲೆ ಗಂಡಿನ ಕಡೆಯ ಖಾಲಾ ಒಬ್ಬರು ಗಂಟಲು ಸರಿಮಾಡಿಕೊಂಡು, "ಎಲ್ಲಾ ಸರಿ, ರಂಗ್ ಸ್ವಲ್ಪ ದಬ್ತಾ" ಎನ್ನುತ್ತಾರೆ. ಸೂರಃ ರೂಮ್‌ನಲ್ಲಿ ಅಲ್ಲಾಹನು ನಿಮ್ಮ ಭಾಷೆಗಳ, ಬಣ್ಣಗಳ ವ್ಯತ್ಯಾಸವನ್ನು ತನ್ನ ಕುರುಹು ಎನ್ನುತ್ತಾನೆ. ಕಅ್‌ಬಾದ ಮೇಲೆ ಹತ್ತಿ ಅಝಾನ್ ಕೊಡಲು ಪ್ರವಾದಿ(ಸ)ರು ಹಝ್ರತ್ ಬಿಲಾಲ್(ರ)ರನ್ನು ಕರೆದರು. ಕ್ರೀಮಿನ ಕಂಪನಿ ಹೆಸರು ಬದಲಿಸಿದ್ದು ಗಿರಾಕಿಗೆ ಹೆದರಿ. ನಮ್ಮ ಖಾಲಾಗಳು ಯಾರಿಗೆ ಹೆದರಿಯಾರು?

ಮಕ್ಕಳಿಗೆ ಎತ್ತರ, ಬುದ್ಧಿ, ಶಕ್ತಿ ಕೊಡುತ್ತೇವೆ ಎನ್ನುವ ಪುಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಬೋರ್ನ್‌ವಿಟಾ ಮೊದಲಾದ ಪಾನೀಯಗಳನ್ನು ಆರೋಗ್ಯ ಪಾನೀಯ ಎಂಬ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ನಮ್ಮ ಕಾನೂನಿನಲ್ಲಿ ಆರೋಗ್ಯ ಪಾನೀಯ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲವಂತೆ. ಕೂಲಿ ಮಾಡುವ ತಾಯಿ ದಿನದ ಸಂಬಳದಲ್ಲಿ ಡಬ್ಬಿ ತಂದು ಮಗನಿಗೆ ಕಲಸಿಕೊಡುತ್ತಾಳೆ, ಅದರಲ್ಲಿ ಸಕ್ಕರೆ ಎಷ್ಟು ಎಂದು ಡಬ್ಬಿಯ ಹಿಂಬದಿಯಲ್ಲಿದೆ, ಓದಿ. ಅದೇ ದುಡ್ಡಿಗೆ ಮೊಟ್ಟೆ ಬರುತ್ತದೆ, ರಾಗಿ ಬರುತ್ತದೆ, ಶೇಂಗಾ ಬರುತ್ತದೆ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು 2013ರಿಂದ ಬರುತ್ತಿದೆ, ಮಕ್ಕಳು ಅದನ್ನು ಕುಡಿಯುತ್ತಾರೋ ಚೆಲ್ಲುತ್ತಾರೋ ವಿಚಾರಿಸಿ.

ಔಷಧದ ಜಾಹೀರಾತಿನ ವಿಷಯ ಬಂದರೆ ನಮ್ಮ ಜನ ತಕ್ಷಣ ಪತಂಜಲಿಯ ಹೆಸರು ಹೇಳುತ್ತಾರೆ. ಹೌದು, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಆ ಕಂಪನಿ ಪತ್ರಿಕೆಗಳಲ್ಲಿ ಕ್ಷಮಾಪಣೆ ಪ್ರಕಟಿಸಬೇಕಾಯಿತು. ಆದರೆ ನಗುವ ಮೊದಲು ನಮ್ಮ ಕಡೆಯ ಕೇಬಲ್ ಚಾನೆಲಿನ ಕೆಳಗೆ ಓಡುವ ಪಟ್ಟಿಯನ್ನೂ ಓದಿ. ಹಸಿರು ಟೊಪ್ಪಿ ಹಾಕಿದ ಆಮಿಲ್ ಸಾಹೇಬರು 24 ಗಂಟೆಯಲ್ಲಿ ಸಕ್ಕರೆ ಕಾಯಿಲೆ, ಸಂತಾನ ಸಮಸ್ಯೆ, ಗಂಡ ಹೆಂಡತಿ ಜಗಳ ಎಲ್ಲಕ್ಕೂ ಪರಿಹಾರ ಕೊಡುತ್ತಾರೆ. ಇಂಥ ಜಾಹೀರಾತನ್ನು ತಡೆಯುವ ಕಾನೂನು 1954ರಿಂದಲೇ ಇದೆ. ಶರೀಅತ್ ಅದಕ್ಕೂ ಮುಂಚಿನಿಂದ ಇದೆ.

ಈಗ ಹಣದ ಜಾಹೀರಾತು. ಸೊನ್ನೆ ಬಡ್ಡಿಗೆ ಫ್ರಿಜ್ಜು, ಸೊನ್ನೆ ಬಡ್ಡಿಗೆ ಮೊಬೈಲು. 2013ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಸೊನ್ನೆ ಬಡ್ಡಿ ಎನ್ನುವುದೇ ಇಲ್ಲದ ಮಾತು, ಅದನ್ನು ಸಂಸ್ಕರಣಾ ಶುಲ್ಕದ ಹೆಸರಿನಲ್ಲಿ ಗಿರಾಕಿಯಿಂದಲೇ ವಸೂಲು ಮಾಡಲಾಗುತ್ತದೆ ಎಂಬ ಅರ್ಥದಲ್ಲಿ ಎಚ್ಚರಿಸಿತು. ಬಡ್ಡಿಯ ವ್ಯಾಪಾರ ನಡೆಸುವವರ ಮೇಲಿನ ಬ್ಯಾಂಕೇ ಹೀಗೆ ಹೇಳಿದ ಮೇಲೆ ಇಮಾಮ್ ಬೇರೆ ಹೇಳಬೇಕೇ? ಒಂದು ವಿಷಯ ಸ್ಪಷ್ಟವಾಗಲಿ, ಕಂತಿನಲ್ಲಿ ಕೊಳ್ಳುವುದು ಹರಾಮ್ ಅಲ್ಲ. ಒಂದೇ ಬೆಲೆ ನಿಗದಿಯಾಗಿ, ಕಂತು ತಪ್ಪಿದರೆ ಅದರ ಮೇಲೆ ಬಡ್ಡಿ ಏರದಿದ್ದರೆ ಅದು ವ್ಯಾಪಾರ. ಏರಿದರೆ ಅದು ಬೇರೆ. ಕಾಗದಕ್ಕೆ ಸಹಿ ಹಾಕುವ ಮೊದಲು ಯಾರಿಂದಲಾದರೂ ಓದಿಸಿ. ಮದರಸಾಕ್ಕೆ ತನ್ನಿ, ನಾನೇ ಓದಿ ಹೇಳುತ್ತೇನೆ.

ಚಿನ್ನದ ಸಾಲದ ಜಾಹೀರಾತಿನಲ್ಲಿ ನಟ ನಗುತ್ತಾನೆ, ನಿಮಿಷದಲ್ಲಿ ಹಣ ಎನ್ನುತ್ತಾನೆ. ಅಂಥ ಕಂಪನಿಗಳದೇ ಇನ್ನೊಂದು ಜಾಹೀರಾತು ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ, ಅದರಲ್ಲಿ ನಟ ಇರುವುದಿಲ್ಲ. ಹರಾಜು ಪ್ರಕಟಣೆ, ಸಾಲು ಸಾಲು ಸಾಲದ ನಂಬರು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಆ ನಂಬರುಗಳಲ್ಲಿ ಎಷ್ಟು ನಮ್ಮ ಸೊಸೆಯಂದಿರ ಮಹ್ರಿನ ಚಿನ್ನವೋ ಅಲ್ಲಾಹನೇ ಬಲ್ಲ.

ಆದರೆ ನಮ್ಮನ್ನು ಅತಿ ಹೆಚ್ಚು ಸುಟ್ಟ ಜಾಹೀರಾತು ಬಡ್ಡಿಯದಲ್ಲ, ಹಲಾಲಿನದು. ಬೆಂಗಳೂರಿನ ಐ.ಎಂ.ಎ. ಎಂಬ ಕಂಪನಿ ಬಡ್ಡಿಯಿಲ್ಲ, ಹಲಾಲ್ ಲಾಭ, ತಿಂಗಳು ತಿಂಗಳು ಪಾಲು ಎಂದು ಹೇಳಿ ಹತ್ತಾರು ಸಾವಿರ ಮುಸ್ಲಿಮ್ ಕುಟುಂಬಗಳಿಂದ ಹಣ ಸಂಗ್ರಹಿಸಿತು. ಮಗಳ ಮದುವೆಗೆ ಕೂಡಿಟ್ಟದ್ದು, ಹಜ್ಜಿಗೆ ಇಟ್ಟದ್ದು, ಗಲ್ಫಿನಿಂದ ಕಳಿಸಿದ್ದು, ವಿಧವೆಯರ ಇಡಿಗಂಟು. 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿ ಮಾಲೀಕ ದುಬೈಗೆ ಹೋದ, ಜುಲೈ 19ರಂದು ದೆಹಲಿಯಲ್ಲಿ ಬಂಧನವಾಯಿತು, ಪ್ರಕರಣ ಸಿ.ಬಿ.ಐ.ಗೆ ಹೋಯಿತು. ಸಾವಿರಾರು ಕೋಟಿ ರೂಪಾಯಿಯ ಮಾತು. ಪೂರ್ತಿ ಹಣ ಕೈಗೆ ಬಾರದವರು ಇನ್ನೂ ಇದ್ದಾರೆ. ಜನ ಅದರಲ್ಲಿ ಹಣ ಹಾಕಿದ್ದು ಯಾವ ನಟನನ್ನು ನೋಡಿ? ಗಡ್ಡ, ಟೊಪ್ಪಿ, ವೇದಿಕೆಯ ಮೇಲಿನ ದುಆ ನೋಡಿ. ಅಲ್ಲಿ ದೀನೇ ಬ್ರಾಂಡ್ ಅಂಬಾಸಿಡರ್. ಆದ್ದರಿಂದ ಯಾವ ಜಾಹೀರಾತಿನಲ್ಲಾದರೂ ಹಲಾಲ್ ಎಂಬ ಪದ, ಮಸೀದಿಯ ಚಿತ್ರ, ಮೌಲ್ವಿಯ ಮುಖ ಕಂಡರೆ ಎರಡು ಪಟ್ಟು ಎಚ್ಚರ ವಹಿಸಿ. ನನ್ನ ಮುಖವೇ ಇದ್ದರೂ ಸರಿ. ಲಾಭ ಎಲ್ಲಿಂದ ಬರುತ್ತದೆ, ಯಾವ ವ್ಯಾಪಾರದಿಂದ, ನಷ್ಟವಾದರೆ ಯಾರಿಗೆ ಎಂದು ಕೇಳಿ. ಪ್ರತಿ ತಿಂಗಳೂ ನಷ್ಟವೇ ಇಲ್ಲದ ವ್ಯಾಪಾರ ಶಿಕಾರಿಪುರದ ಯಾವ ಅಂಗಡಿಯಲ್ಲಿದೆ ತೋರಿಸಿ.

ಎಲ್ಲ ಜಾಹೀರಾತೂ ಕೆಟ್ಟದ್ದೇ ಎಂದರೆ ಅದೂ ಅನ್ಯಾಯವಾಗುತ್ತದೆ. 2014ರಲ್ಲಿ ರೆಡ್ ಲೇಬಲ್ ಚಹಾದವರು ಒಂದು ಜಾಹೀರಾತು ಮಾಡಿದ್ದರು. ಮನೆಯ ಬೀಗದ ಕೈ ಕಳೆದುಕೊಂಡು ಹೊರಗೆ ನಿಂತ ಹಿಂದೂ ದಂಪತಿಯನ್ನು ಎದುರು ಮನೆಯ ಮುಸ್ಲಿಮ್ ಮಹಿಳೆ ಚಹಾಕ್ಕೆ ಕರೆಯುತ್ತಾಳೆ. ಗಂಡ ಹಿಂಜರಿಯುತ್ತಾನೆ, ಚಹಾದ ಪರಿಮಳ ಕರೆದುಕೊಂಡು ಹೋಗುತ್ತದೆ. 2019ರ ಹೋಳಿಗೆ ಸರ್ಫ್ ಎಕ್ಸೆಲ್‌ನವರದು ಇನ್ನೊಂದು. ಬಿಳಿ ಬಟ್ಟೆ ತೊಟ್ಟ ಮುಸ್ಲಿಮ್ ಗೆಳೆಯ ನಮಾಝಿಗೆ ಹೋಗಬೇಕು, ಬೀದಿಯಲ್ಲಿ ಬಣ್ಣದ ಆಟ. ಪುಟ್ಟ ಹಿಂದೂ ಹುಡುಗಿ ಸೈಕಲ್ ಹತ್ತಿ ಬೀದಿಯ ಮಕ್ಕಳ ಬಣ್ಣವೆಲ್ಲ ತನ್ನ ಮೇಲೆ ಖಾಲಿ ಮಾಡಿಸಿಕೊಂಡು ಅವನನ್ನು ಮಸೀದಿಯ ಬಾಗಿಲಿಗೆ ಬಿಡುತ್ತಾಳೆ. ಅದರ ವಿರುದ್ಧ ಬಹಿಷ್ಕಾರದ ಕೂಗು ಎದ್ದಿತು. ಸಿಟ್ಟಿನಲ್ಲಿ ಕೆಲವರು ಸೋಪಿನ ಪುಡಿಯ ಬದಲು ಮೈಕ್ರೋಸಾಫ್ಟ್ ಎಕ್ಸೆಲ್ ಎಂಬ ಕಂಪ್ಯೂಟರ್ ಆ್ಯಪ್‌ಗೆ ಹೋಗಿ ಬೈದು ಬಂದರು. 2020ರ ಅಕ್ಟೋಬರ್‌ನಲ್ಲಿ ತನಿಷ್ಕ್ ಆಭರಣದವರು ಮುಸ್ಲಿಮ್ ಅತ್ತೆ ಹಿಂದೂ ಸೊಸೆಗೆ ಸೀಮಂತ ಮಾಡುವುದನ್ನು ತೋರಿಸಿ, ಗದ್ದಲವಾದ ಮೇಲೆ ಹಿಂತೆಗೆದುಕೊಂಡರು. ಆ ಮದುವೆಯ ವಿಷಯದಲ್ಲಿ ನಮ್ಮ ಶರೀಅತಿನ ನಿಯಮ ಬೇರೆಯೇ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸೊಸೆಯ ತಲೆ ಸವರುವ ಅತ್ತೆಯನ್ನು ನೋಡಿ ಸಿಟ್ಟಾಗಲು ನನಗೆ ಕಾರಣ ಕಾಣಲಿಲ್ಲ. ಕಂಪನಿಗಳು ಇದನ್ನೆಲ್ಲ ಮಾಡುವುದು ಲಾಭಕ್ಕೇ, ಗೊತ್ತು. ಆದರೂ ಆ ಸೈಕಲ್ ಹುಡುಗಿಯಂಥವರು ನಮ್ಮ ಊರಿನ ಬೀದಿಯಲ್ಲಿ ನಿಜವಾಗಿ ಇದ್ದಾರೆ. ನಮ್ಮ ಹುಡುಗರು ಅವರಿಗೆ ಏನು ಮಾಡುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಸೊರಬದಲ್ಲಿ ಇದೇ ಮಾತಾಡಿದ ಮೇಲೆ ಕೆಲವರು ಕುಳಿತು ಕೇಳಿದರು. ಒಬ್ಬ ಹಿರಿಯರು ಮೈಸೂರು ಸ್ಯಾಂಡಲ್ ಸೋಪಿನ ವಿಷಯ ಎತ್ತಿದರು. 2025ರ ಮೇ ತಿಂಗಳಲ್ಲಿ ಸರಕಾರಿ ಕಂಪನಿ ತಮನ್ನಾ ಎಂಬ ನಟಿಯನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿಕೊಂಡಿತು, ಕನ್ನಡದ ನಟಿ ಇರಲಿಲ್ಲವೇ ಎಂದು ಗಲಾಟೆಯಾಯಿತು. "ನಿಮ್ಮ ಅಭಿಪ್ರಾಯ ಏನು?" ಎಂದರು. ನಟಿ ಎಲ್ಲಿಯವರು ಎಂಬುದಕ್ಕಿಂತ ಮೊದಲು, ಮೈಸೂರು ಸಂಸ್ಥಾನದ ಕಾಲದಿಂದ ಮನೆಮನೆಯಲ್ಲಿ ಗೊತ್ತಿರುವ ಸೋಪಿಗೆ ಇಷ್ಟು ಹಣ ಬೇಕಿತ್ತೇ ಎಂದು ನಾನು ಕೇಳಿದೆ. ನಂದಿನಿ ಹಾಲಿಗೆ ಡಾ. ರಾಜ್‌ಕುಮಾರ್, ಆಮೇಲೆ ಅವರ ಮಗ ಪುನೀತ್ ಸಂಭಾವನೆ ಪಡೆಯದೆ ನಿಂತರು, ಆ ಹಾಲು ಮಾರಾಟವಾಗಲಿಲ್ಲವೇ? ಸೊರಬದ ಗುಡಿಗಾರರು ತಲೆತಲಾಂತರದಿಂದ ಗಂಧದಲ್ಲಿ ಕೆತ್ತುತ್ತಿದ್ದಾರೆ. ಅವರ ಕೆಲಸವನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಜಾಹೀರಾತು ಬೇಕಾಗಿಲ್ಲ.

ಫರ್ನಿಚರ್ ಅಂಗಡಿ ಇಟ್ಟಿರುವ ಒಬ್ಬ ಯುವಕ, "ನಾನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕ್ತೀನಿ, ಕೇಬಲ್‌ನವರಿಗೂ ಕೊಡ್ತೀನಿ, ಹೇಗೆ ಹಾಕಬೇಕು?" ಎಂದ. ಸಾಗುವಾನಿ ಎಂದು ಬರೆದರೆ ಸಾಗುವಾನಿಯೇ ಇರಬೇಕು. ಅಕೇಶಿಯಾ ಆದರೆ ಅಕೇಶಿಯಾ ಎಂದು ಬರೆ. ಸ್ಟಾಕ್ ಮುಗಿಯುತ್ತಿದೆ ಎಂದು ಸುಳ್ಳು ಅವಸರ ಹುಟ್ಟಿಸಬೇಡ. ನಿನ್ನ ಅಂಗಡಿಯ ಬಗ್ಗೆ ಹೊಗಳಿ ಬರೆಯಲು ಗೆಳೆಯರಿಗೆ ಹೇಳಬೇಡ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸುವುದಕ್ಕೆ ನಜ್ಶ್ ಎನ್ನುತ್ತಾರೆ, ಪ್ರವಾದಿ(ಸ)ರು ತಡೆದಿದ್ದಾರೆ, ಸುಳ್ಳು ಹೊಗಳಿಕೆ ಅದರ ತಮ್ಮ. ಇಮಾಮ್ ಅಬೂ ಹನೀಫಾ(ರ)ರ ಪಾಲುದಾರರೊಬ್ಬರು ದೋಷವಿದ್ದ ಬಟ್ಟೆಯನ್ನು ದೋಷ ಹೇಳದೆ ಮಾರಿಬಿಟ್ಟಾಗ ಇಮಾಮರು ಆ ಸರಕಿನಿಂದ ಬಂದ ಹಣವನ್ನೆಲ್ಲ ದಾನ ಮಾಡಿದರು. ಯುವಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಝ್ರತ್, ಅಕೇಶಿಯಾ ಅಂತ ಬರೆದರೆ ಯಾರು ಬರ್ತಾರೆ?" ಎಂದ. ಎಲ್ಲರೂ ನಕ್ಕರು. ಅವನ ಕಷ್ಟ ನಿಜವಾದದ್ದು. ಪಕ್ಕದ ಅಂಗಡಿಯವನು ಸಾಗುವಾನಿ ಎಂದು ಬರೆದಿರುತ್ತಾನೆ. ಅವನಿಗೆ ನಾನು ಹೇಳಿದ್ದು ಇಷ್ಟೇ, ಆರು ತಿಂಗಳು ಹೀಗೆ ಬರೆದು ನೋಡು, ಲೆಕ್ಕ ಇಟ್ಟುಕೊಂಡು ನನ್ನ ಹತ್ತಿರ ಬಾ. ಇನ್ನೂ ಆರು ತಿಂಗಳಾಗಿಲ್ಲ.

ದೂರು ಎಲ್ಲಿ ಕೊಡಬೇಕು ಎಂದೂ ಕೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಅದರಲ್ಲಿ ಕಾಣಿಸಿಕೊಂಡ ನಟರನ್ನೂ ಒಂದು ವರ್ಷ, ಪದೇ ಪದೇ ಆದರೆ ಮೂರು ವರ್ಷ ಜಾಹೀರಾತಿನಿಂದ ದೂರವಿಡಬಹುದು. ಮಾಡಬೇಕಾದ ಫೋನ್ 1915. ಜಾಹೀರಾತಿನ ದಿನ, ಸಮಯ, ಚಾನೆಲಿನ ಹೆಸರು ಬರೆದಿಟ್ಟುಕೊಳ್ಳಿ, ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ. ನಮ್ಮ ಬಿ.ಕಾಂ. ಓದುವ ಹುಡುಗರು ಹಿರಿಯರಿಗೆ ಇಷ್ಟು ಸಹಾಯ ಮಾಡಬಹುದು.

ಇನ್ನು ನಮ್ಮ ಮಸೀದಿಯದೇ ಒಂದು ವಿಷಯ. ಪ್ರತಿ ರಮಝಾನಿಗೂ ಸಹರಿ ಮತ್ತು ಇಫ್ತಾರಿನ ವೇಳಾಪಟ್ಟಿ ಅಚ್ಚು ಹಾಕಿಸಿ ಮನೆಮನೆಗೆ ಕೊಡುತ್ತೇವೆ. ಖರ್ಚಿಗೆ ಕೆಳಗೆ ಜಾಹೀರಾತು ತೆಗೆದುಕೊಳ್ಳುತ್ತೇವೆ. ಈ ಸಲ ಇಬ್ಬರು ಮುಂದೆ ಬಂದು, ಇಡೀ ಖರ್ಚು ನಮ್ಮದು, ಹಿಂಬದಿ ಪೂರ್ತಿ ನಮಗೆ ಕೊಡಿ ಎಂದರು. ಒಬ್ಬರದು ಪಾನ್ ಮಸಾಲಾ ಏಜೆನ್ಸಿ, ಇನ್ನೊಬ್ಬರದು ಚಿನ್ನದ ಮೇಲೆ ಸಾಲ ಕೊಡುವ ಕಚೇರಿ. ಇಬ್ಬರೂ ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ಕಮಿಟಿಯಲ್ಲಿ ಒಂದೂವರೆ ಗಂಟೆ ಮಾತಾಯಿತು, ಹಣದ ಅಡಚಣೆ ಇರುವುದೂ ನಿಜ. ಕೊನೆಗೆ ಬೇಡ ಎಂದಾಯಿತು. ಬೇಕರಿ, ಟೈಲರ್, ಎಲೆಕ್ಟ್ರಿಶಿಯನ್, ಬೋರ್‌ವೆಲ್ ರಿಪೇರಿಯವರು, ಹಾಲಿನವರು, ಇಂಥ ಸಣ್ಣ ಕೆಲಸದವರಿಗೆ ಒಂದೊಂದು ಚೌಕ, ಇನ್ನೂರು ರೂಪಾಯಿ. ಕಡಿಮೆ ಬಿದ್ದದ್ದನ್ನು ಜಮಾಅತ್ ಹಾಕುತ್ತದೆ. ಹೆಸರು ಕೊಡುವವರು ಬುಧವಾರ ಇಶಾ ಆದ ಮೇಲೆ ಕಮಿಟಿಯ ಕೋಣೆಗೆ ಬನ್ನಿ. ಏನು ಅಚ್ಚಾಗಬೇಕೋ ಕಾಗದದ ಮೇಲೆ ಬರೆದು ತನ್ನಿ. ದರದ ಪಕ್ಕ ನಕ್ಷತ್ರದ ಗುರುತು ಮಾತ್ರ ಹಾಕಬೇಡಿ.